ಏಳನೆಯ ಟ್ರ್ಯಾಕ್

ಸತ್ತವರ ದನಿ ಅವರು ಬಾಳಿದ ಮನೆಗಳ ಟೇಪುಗಳಲ್ಲಿ ಹಂಚಿಹೋಗಿ ಮೂಡುತ್ತದೆ. ನನ್ನ ಗಂಡ ಮಹಾಂತೇಶನ ಅರ್ಧ ಮಾತು ಅತ್ತೆಯ ಮನೆಯ ಯಂತ್ರದಲ್ಲಿತ್ತು, ಅರ್ಧ ನಮ್ಮದರಲ್ಲಿ. ಎರಡನ್ನೂ ಒಟ್ಟಿಗೆ ಓಡಿಸಿದರೆ ಮಾತ್ರ ವಾಕ್ಯ ಪೂರ್ತಿಯಾಗುತ್ತದೆ. ಯಂತ್ರಗಳನ್ನು ಜೋಡಿಸಲು ಬಂದ ರುದ್ರಗೌಡ ಟೇಪು ಓದುವ ಹೆಡ್ಡುಗಳನ್ನು ಸ್ಪಿರಿಟಿನಿಂದ ಒರೆಸಿದ.

“ಅಕ್ಕಾರ, ಎರಡೂ ಕೂಡಿ ಓಡಾಕ ಗುರುತಿನ ಸದ್ದು ತುಂಬಬೇಕ್ರಿ. ನಿಮ್ಮ ಎಂಟು ಟ್ರ್ಯಾಕಿನ್ಯಾಗ ಒಂದು ಅಳಸಬೇಕಾಗತೈತಿ. ಕಡೀದರಾಗ ಏನೈತ್ರಿ?”

“ಗೊರಕಿ.”

“ಹೋಗ್ಲಿ ಬಿಡ್ರಿ. ನಮ್ಮಾಕಿ ಆಗಿದ್ರ ನಾ ಬದುಕಿದ್ದಾಗs ಅಳಸ್ತಿದ್ಲು.”

“ಗೊರಕಿ ಇರ್ಲಿ. ಏಳನೇದು ಅಳಸ್ರಿ.”

“ಅದರಾಗ?”

“ಇಷ್ಟು ದಿನ ಅವನ ದನಿಗೆ ನಾ ತುಂಬಿಟ್ಟ ಉತ್ತರ ಅದಾವ. ಎಲ್ಲಾ ಅರ್ಧ ಮಾತು ಕೇಳಿ ಕೊಟ್ಟದ್ದು.”

ರುದ್ರಗೌಡ ಏಳನೆಯ ಟ್ರ್ಯಾಕಿನ ಅಳಿಸುವ ಗುಂಡಿ ಒತ್ತಿದ.