ಗರಗತ್ತಿ ಎಲೆ

ಹಿಮ್ಮಡಿ ಉಜ್ಜುವ ಕಲ್ಲು ಸೋತಿತು. ಕಡ್ಡಿಪೆಟ್ಟಿಗೆಯ ಬದಿಯೂ ಸೋತಿತು. ಪರಸಪ್ಪ ಗೇಣುದ್ದದ ಆಟಿಕೆ ರೈಲುಬೋಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅದರ ಛಾವಣಿಗೆ ಮೆತ್ತಿದ ಬಿಳಿ ಪುಟ್ಟಿಯ ಮೇಲೆ ಬೆಳಗಿನಿಂದ ಉಜ್ಜಿದಲ್ಲೆಲ್ಲ ಗೀರುಗಳೇ ಬಿದ್ದಿದ್ದವು.

ಬೋಗಿ ಮಗಳು ಮಧುಮತಿಯದು. ಅಳ್ನಾವರಕ್ಕೆ ಹೋಗುವ ರೈಲುಗಾಡಿಯ ಅಳತೆ ಹಿಡಿದು, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಿದ್ದಳು. ಪುಟ್ಟಿ ಮೆತ್ತಿದ ಮರುದಿನವೇ ಜ್ವರ. ಹುಬ್ಬಳ್ಳಿಯ ಆಸ್ಪತ್ರೆಯಲ್ಲೂ ಅದೇ ಮಾತು: “ಅಪ್ಪಾ, ಛಾವಣಿ ಕನ್ನಡಿಗತೆ ನುಣ್ಣಗಾಗಬೇಕು ನೋಡು. ಮನಿಗೆ ಬಂದು ತಿಕ್ಕತೇನಿ.” ಬರಲಿಲ್ಲ. ನಾಳೆ ಅವಳ ವರ್ಷದ ಎಡೆ. ತೀರಿದವರಿಗೆ ಇಷ್ಟವಾದದ್ದನ್ನು ಫೋಟೊ ಮುಂದೆ ಇಡುವುದು ಪದ್ಧತಿ. ಹೋಳಿಗೆಯ ಪಕ್ಕ ಅರೆಬರೆ ಬೋಗಿ ಇಡಲು ಪರಸಪ್ಪನಿಗೆ ಮನಸ್ಸಿರಲಿಲ್ಲ.

ಅಷ್ಟರಲ್ಲಿ ಅವನು ದುಡಿಯುವ ಮಿಲ್ಲಿನ ಬಡಗಿ ಅಡಿವೆಯ್ಯ ಜೊಯಿಡಾ ಕಾಡಿನ ಒಂದು ಹಿಡಿ ಬಾಡಿದ ಎಲೆ ತಂದು ಮುಂದಿಟ್ಟ.

“ಇದೇನಪಾ, ತಿಕ್ಕೂ ಪಾಲಿಶ್ ಕಾಗದ ಕೇಳಿದ್ರ ಆಡಿಗೆ ಹಾಕೂ ತಪ್ಪಲ ತಂದೀ?”

“ಗರಗತ್ತಿ ಎಲಿ ಮಾರಾಯಾ! ಕಾಗದ ಪರಚತೈತಿ. ಇದು ಬೆಕ್ಕಿನ ನಾಲಗಿಗತೆ ನೆಕ್ಕತೈತಿ. ತಿಕ್ಕಿ ನೋಡು.”

ಸುಳ್ಳಲ್ಲ. ಒರಟು ಎಲೆ ಆಡಿದಂತೆ ಗೀರುಗಳು ಒಂದೊಂದಾಗಿ ಅಳಿದವು. ನಡುವೆ ಒಂದು ತಗ್ಗು ಮಾತ್ರ ಉಳಿಯಿತು. ಪುಟ್ಟಿ ಕುಸಿದಿರಬೇಕೆಂದು ಪರಸಪ್ಪ ಅದನ್ನೂ ಸಮ ಮಾಡಿದ. ಬೆರಳಾಡಿಸಿದರೆ ಎಲ್ಲೂ ತಡೆಯಲಿಲ್ಲ. ವರ್ಷದ ಮೇಲೆ ಮೊದಲ ಸಲ ಅವನ ಮುಖ ಅರಳಿತು.

“ಏಯ್ ಮಾಲವ್ವಾ, ಬಾ ಇಲ್ಲಿ! ಮಗಳ ಗಾಡಿ ನೋಡು.”

ಹೆಂಡತಿ ಮಾಲವ್ವ ಹೋಳಿಗೆಯ ಕಣಕದ ಕೈಯನ್ನು ಸೆರಗಿಗೆ ಒರೆಸುತ್ತ ಬಂದಳು. ನೋಡದೆಯೇ, ರೂಢಿಯಿಂದೆಂಬಂತೆ, ಛಾವಣಿಯ ನಡುವೆ ಹೆಬ್ಬೆರಳಿಟ್ಟಳು. ಬೆರಳು ಜಾರಿತು. ಮತ್ತೆ ಹುಡುಕಿದಳು.

“ಇಲ್ಲೊಂದು ತಗ್ಗಿತ್ತಲ್ರೀ?”

“ಇತ್ತು, ತಿಕ್ಕಿ ತಗದೆ. ಹೆಂಗಾಗೈತಿ? ಕನ್ನಡಿ ಆಗೈತಿಲ್ಲ?”

“ಅದು ಆಕಿ ಹೆಬ್ಬಟ್ಟು ಒತ್ತಿದ್ದು.” ಮಾಲವ್ವನ ದನಿ ಏರಲಿಲ್ಲ. “ಬಟ್ಟಿನ ಗೆರಿ ಸೈತ ಮೂಡಿದ್ವು. ನೀವು ಮಿಲ್ಲಿಗೆ ಹೋದ ಮ್ಯಾಲೆ ದಿನಾ ಒಂದು ಸಲ ಅದರಾಗ ನನ್ನ ಬಟ್ಟು ಇಡತಿದ್ದೆ.”

ಅಡಿವೆಯ್ಯ ಉಳಿದ ಎಲೆಗಳನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡ. ಪರಸಪ್ಪ ಕೈ ಸುಮ್ಮನಿರದೆ ಬೋಗಿಯನ್ನು ಎತ್ತಿ, ಅಂಟಿದ್ದ ಬಿಳಿ ಹುಡಿ ಹಾರಿಸಲು ಬಾಯಿಯ ಹತ್ತಿರ ತಂದ.

“ಊದಬ್ಯಾಡ್ರಿ!”

ಬೋಗಿಯನ್ನು ಅವನ ಕೈಯಿಂದ ತೆಗೆದುಕೊಂಡು ಮಾಲವ್ವ ಹಾಸಿದ್ದ ಪೇಪರಿನ ಮೇಲೆ ತಟ್ಟಿದಳು. ಚೆಲ್ಲಿದ ಹುಡಿಯನ್ನೆಲ್ಲ ಒಂದು ಕಣವೂ ಬಿಡದಂತೆ ಕೂಡಿಸಿ, ಮಠದಿಂದ ತಂದ ವಿಭೂತಿಯನ್ನು ಕಟ್ಟುವಂತೆ ಪೊಟ್ಟಣ ಕಟ್ಟಿದಳು. ಕನ್ನಡಿಯಂಥ ಬೋಗಿಯನ್ನು ಅಲ್ಲೇ ಬಿಟ್ಟು, ಪೊಟ್ಟಣವನ್ನು ಒಯ್ದು ಮಗಳ ಫೋಟೊದ ಮುಂದೆ ಇಟ್ಟಳು.