ಕುಸುಬೆ ಹೂವಿಗೆ ಕಲಸಿದ ಕೆಂಪು

ಓದಿದ ಮೇಲೆ ನಿಮಗೂ ಸಿಟ್ಟು ಬಂದರೆ ಬರಲಿ... ಕೆಲವು ಸಿಟ್ಟುಗಳು ಬರಲೇಬೇಕು.

ಗಾಜಿನ ಲೋಟದ ನೀರಿಗೆ ದಾಕ್ಷಾಯಣಿ ಒಂದು ಚಿಟಿಕೆ ಒಣಗಿದ ಕುಸುಬೆ ಎಸಳು ಹಾಕಿದಳು. ಹಾಕಿದ ಕೂಡಲೇ ನೀರು ಕುಂಕುಮ ಕದಡಿದ ಹಾಗೆ ಕೆಂಪಾಯಿತು.

ಗದಗದ ಕಡೆಯ ಒಂದು ಗೋದಾಮಿನಲ್ಲಿ ಹೂವಿನ ಗುಣಮಟ್ಟ ಪರೀಕ್ಷಿಸುವ ಕೆಲಸ ಅವಳದು. ಎರೆಮಣ್ಣಿನ ಹೊಲದಲ್ಲಿ ಬೆಳೆದ ಕುಸುಬೆಯ ಎಸಳು ಅಲ್ಲಿಂದ ಚೀನಾಕ್ಕೆ ಹೋಗುತ್ತದೆ.

ಅಲ್ಲಿನ ಹಳೆಯ ವೈದ್ಯಪದ್ಧತಿಯಲ್ಲಿ ಅದು ಔಷಧಿ. ತಿಂಗಳ ಹೊಟ್ಟೆನೋವಿನ ಹುಡುಗಿಯರು, ಬಾಣಂತಿಯರು ಅದನ್ನು ಕುದಿಸಿ ಕುಡಿಯುತ್ತಾರೆ...

ಒಳ್ಳೆಯ ಎಸಳಾದರೆ ನೀರು ನಿಧಾನವಾಗಿ ಹಳದಿಯಾಗುತ್ತದೆ, ಎಸಳು ತನ್ನ ಕೆಂಪು ಬಿಡುವುದಿಲ್ಲ. ಈ ಎಸಳು ಬಿಳಿಚಿಕೊಂಡು ತೇಲುತ್ತಿತ್ತು.

ಅವಳು ಲೋಟವನ್ನು ವ್ಯಾಪಾರಿಯ ಟೇಬಲ್ ಮೇಲೆ ಕುಕ್ಕಿದಳು.

"ಸರ್, ಇದಕ್ಕ ಬಣ್ಣ ಕಲಸ್ಯಾರ. ನಾ ಪಾಸ್ ಮಾಡಂಗಿಲ್ಲ."

ವ್ಯಾಪಾರಿ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಸಂಜಿಗೆ ಲಾರಿ ಹೊಂಡತೈತಿ ಮೇಡಂ. ಕುಡಿಯೂವರು ಚೀನಾದವರು... ನಿಮ್ಮ ಅತ್ತಿ-ಮಾವ ಏನಲ್ಲಲ್ಲ?"

"ಹೊಟ್ಟಿ ಎಲ್ಲಾರ್ದೂ ಒಂದ ರೀ."

"ಹಂಗಾರ ಹೂವು ಬಿಡಿಸೂ ಆ ಹೆಂಗಸರನ್ನ ಕೇಳ್ರಿ. ಕಲಸಿದವರು ಅವರು." ಎರಡೂ ಅಂಗೈ ಮುಂದೆ ಚಾಚಿ ನಕ್ಕ. "ನನ್ನ ಕೈಗೆ ಎಲ್ಲೆರ ಬಣ್ಣ ಹತ್ತೇತೇನು ನೋಡ್ರಿ... ಮತ್ತ, ಪಾಸ್ ಮಾಡದಿದ್ರ ನಾಳಿಂದ ನೀವು ಬರೂದು ಬ್ಯಾಡ."

ದಾಕ್ಷಾಯಣಿ ಅದೇ ಲೋಟದ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಮುಂದಿನ ಬುಟ್ಟಿಯಲ್ಲಿಟ್ಟುಕೊಂಡು ಸ್ಕೂಟರ್ ಹತ್ತಿದಳು. ಹೊಲ ಮುಟ್ಟುವವರೆಗೂ ಅವಳು ಹಲ್ಲು ಕಡಿಯುವುದು ನಿಂತಿರಲಿಲ್ಲ.

ಕುಸುಬೆಗೆ ಮೈಯೆಲ್ಲ ಮುಳ್ಳು. ಇಬ್ಬನಿಗೆ ಮುಳ್ಳು ಮೆತ್ತಗಿರುವಾಗಲೇ ಹೂವು ಬಿಡಿಸಬೇಕು. ಬಿಸಿಲೇರುತ್ತಿತ್ತು... ಬೆರಳಿಗೆ ಬಟ್ಟೆ ಸುತ್ತಿಕೊಂಡ ಹೆಂಗಸರು ಕೊನೆಯ ಸಾಲಿನಲ್ಲಿದ್ದರು. ಗೋದಾಮಿನ ಗೇಟಿನಲ್ಲಿ ದಿನವೂ ಕಾಣುವ ಮುಖಗಳೇ.

ಗುಂಪಿನ ಹಿರಿಯಳು ಫಕ್ಕೀರವ್ವ ದೂರದಿಂದಲೇ ಕೂಗಿದಳು. "ಯವ್ವಾ, ಮೇಡಮ್ಮು ಗ್ಲಾಸ್ ಹಿಡಕೊಂಡ ಬಂದಾಳ! ನಮಗೆಲ್ಲಾ ಚಾ ತಂದಾಳೇನು ನೋಡ್ರೇ!"

ಎಲ್ಲರೂ ನಕ್ಕರು. ದಾಕ್ಷಾಯಣಿ ನಗಲಿಲ್ಲ.

"ನಾಚಿಕಿ ಬರಂಗಿಲ್ಲೇನು ನಿಮಗ? ಹೂವಿಗೆ ಬಣ್ಣ ಕಲಸೀರಿ!"

"ಹೌದು, ಕಲಸೇವಿ. ಅದಕ್ಯಾಕ ಇಷ್ಟು ಹಾರ್ಯಾಡ್ತಿ?" ಫಕ್ಕೀರವ್ವ ಸೊಂಟಕ್ಕೆ ಕೈ ಇಟ್ಟಳು. "ಈ ಸಲ ಬಿಸಲಿಗೆ ಹೂವು ಬೆಳ್ಳಗಾತು. ಗೋದಾಮಿನ ಸಾವ್ಕಾರ್ರ ಕೆಂಪು ಪೌಡರ್ ಕೊಟ್ಟು ಕಳಿಸಿದ್ರು. ಸೀರಿಗೆ ಬಣ್ಣ ಹಾಕೂ ಹೂವು ಇದು. ಕೆಂಪು ಹೆಚ್ಚಾದ್ರ ಚಲೋ ಅಲ್ಲೇನು?"

ದಾಕ್ಷಾಯಣಿಗೆ ಅರ್ಥವಾಗಲಿಲ್ಲ. "ಸೀರಿಗೆ ಅಂತ... ಯಾರು ಹೇಳಿದ್ರು?"

"ಅವರ, ಸಾವ್ಕಾರ್ರ. ಮೊದ್ಲಿಂದ ಹಂಗ ಹೇಳ್ಕೋತ ಬಂದಾರ."

"ಫಕ್ಕೀರವ್ವಾ... ಇದು ಔಷಧಿ ಬೇ. ಬಾಣಂತ್ಯಾರು ಕುಡೀತಾರ."

ಒಬ್ಬ ಹೆಂಗಸಿನ ಕೈ ಸಡಿಲಾಗಿ ಉಡಿಯಲ್ಲಿದ್ದ ಹೂವೆಲ್ಲ ಮಣ್ಣಿಗೆ ಚೆಲ್ಲಿತು.

ಫಕ್ಕೀರವ್ವ ಬೆರಳಿನ ಬಟ್ಟೆ ಬಿಚ್ಚಿದಳು.

"ಬಾಣಂತಿ ಕೋಣಿಗೆ ಒಯ್ಯೂ ಕಷಾಯ ನಾವು ಮೊದ್ಲ ನಮ್ಮ ನಾಲಿಗಿಗೆ ಹಚ್ಚಿ ನೋಡ್ತೇವಿ. ನನ್ನ ಸೊಸಿಗೂ ಹಂಗ ಮಾಡೇನಿ... ಅಂಥಾ ಕೈಲೆ... ಯಾರ ಮಗಳ ಬಾಯಿಗೋ ನಾ ಬಣ್ಣ ಕಲಸಿ ಹಾಕಿದ್ನಿ?"

ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ದಾಕ್ಷಾಯಣಿಯತ್ತ ತಿರುಗಿದಳು.

"ಅಂವಾ ಸುಳ್ಳು ಹೇಳಿದ. ಇದು ಔಷಧಿ ಅಂತ ನಿನಗ ಗೊತ್ತಿತ್ತಲ್ಲ ತಂಗಿ? ಸುಗ್ಗಿ ಸುಗ್ಗಿಗೂ ನಮ್ಮ ಹೂವು ನೀರಾಗ ಹಾಕಿ ನೋಡ್ತಿ. ಒಂದಿನ ಇಲ್ಲಿಗೆ ಬಂದು, ಇದು ಇಂಥಾದ್ದು ಅಂತ ಹೇಳಬೇಕು ಅನಸಲಿಲ್ಲ?"

ಬೈಯಲು ಬಂದಿದ್ದ ದಾಕ್ಷಾಯಣಿ, ಅವರಿಗೆ ಗೊತ್ತಿರಬಹುದು ಎಂದುಕೊಂಡಿದ್ದಳು. ನಿಜ ಹೇಳಬೇಕೆಂದರೆ, ಅವರ ಬಗ್ಗೆ ಅಷ್ಟನ್ನೂ ಯೋಚಿಸಿರಲಿಲ್ಲ. ಅವಳು ಅಲ್ಲೇ ಬದುವಿನ ಮೇಲೆ ಕೂತು ಅತ್ತಳು.

ಹೆಂಗಸರು ಅವಳನ್ನು ಸಮಾಧಾನ ಮಾಡುತ್ತ ನಿಲ್ಲಲಿಲ್ಲ. ಸಿಕ್ಕ ಟಂಟಂ ಆಟೊ ಹತ್ತಿ ಗೋದಾಮಿಗೆ ಹೊರಟರು. ದಾಕ್ಷಾಯಣಿಯೂ ಹಿಂದೆಯೇ ಹೋದಳು.

ಗೋದಾಮಿನ ಮುಂದೆ ಲಾರಿಗೆ ಚೀಲಗಳು ಏರುತ್ತಿದ್ದವು. ಫಕ್ಕೀರವ್ವ ಮೊದಲ ಚೀಲದ ಹೊಲಿಗೆಯನ್ನೇ ಕುಡುಗೋಲಿನಿಂದ ಹರಿದಳು.

"ಏಯ್, ಹುಚ್ಚು ಹಿಡಿದೇತೇನು?" ವ್ಯಾಪಾರಿ ಓಡಿಬಂದ. "ನಿಮ್ಮದ ದುಡಿಮಿ ಐತಿ ಅದರಾಗ!"

"ಹೌದ್ರಿ, ನಮ್ಮದ. ಅದಕ್ಕ ನಾವ ಹಾಳ ಮಾಡಾಕ ಬಂದೇವಿ."

ಅವನ ಸಿಟ್ಟು ದಾಕ್ಷಾಯಣಿಯ ಮೇಲೆ ತಿರುಗಿತು. "ಔಷಧಿ ಅಂತ ಇವರಿಗ್ಯಾಕ ಹೇಳಿದ್ರಿ? ಗೊತ್ತಿದ್ರ ಇವರು ಕಲಸ್ತಿದ್ರೇನು?"

ತನ್ನ ಮೋಸ ತಾನೇ ಒಪ್ಪಿಕೊಂಡ ಮಾತು ಬಾಯಿಂದ ಜಾರಿದ ಮೇಲೆ ಅವನಿಗೂ ಕೇಳಿಸಿತು. ಲಾರಿಯ ಹತ್ತಿರ ನಿಂತಿದ್ದ ಹಮಾಲರು ಬೆನ್ನಿನ ಮೇಲಿದ್ದ ಚೀಲಗಳನ್ನು ಒಬ್ಬೊಬ್ಬರಾಗಿ ಕೆಳಗಿಳಿಸಿದರು. ಯಾರೂ ಮತ್ತೆ ಎತ್ತಲಿಲ್ಲ.

ಹೆಂಗಸರು ಒಂದೊಂದೇ ಚೀಲ ಎಳೆದೊಯ್ದು ಹಿತ್ತಲಿನ ತಿಪ್ಪೆಗೆ ಸುರಿದರು. ಆ ಸುಗ್ಗಿಯ ಹೂವು ಪೂರ್ತಿ. ಅಳುತ್ತಲೇ ಸುರಿದರು, ಬೈಯುತ್ತಲೇ ಸುರಿದರು.

"ನಾಳಿಂದ ನೀವು ಬರಬ್ಯಾಡ್ರಿ ಮೇಡಂ!" ವ್ಯಾಪಾರಿ ಚೀರಿದ.

ದಾಕ್ಷಾಯಣಿ ಏಪ್ರನ್ ಬಿಚ್ಚಿ ಅವನ ಟೇಬಲ್ ಮೇಲೆ ಎಸೆದು ಬಂದಳು. ಏನು ಮಾಡಬೇಕೆಂದು ತೋಚದೆ ಮುಖ ಒರೆಸಿಕೊಳ್ಳುತ್ತ ನಿಂತವಳನ್ನು ಫಕ್ಕೀರವ್ವ ಗದರಿದಳು.

"ಅತ್ತಿದ್ದು ಸಾಕು ತಂಗಿ. ಈ ಚೀಲದ ಆ ತುದಿ ಹಿಡಿ."

ಅವಳು ಹಿಡಿದಳು...

*

ತಮ್ಮ ದುಡಿಮೆ ಯಾರ ಬಾಯಿಗೆ ಹೋಗುತ್ತದೆಂದು ದುಡಿಯುವವರಿಂದಲೇ ಮುಚ್ಚಿಡುವುದು ಎಲ್ಲ ಕಲಬೆರಕೆಗಿಂತ ಮೊದಲಿನ ಕಲಬೆರಕೆ.

ನಿಮಗೆ ಗೊತ್ತಿದ್ದೂ, ನಿಮ್ಮ ಪಕ್ಕದಲ್ಲೇ ದುಡಿಯುವವರಿಗೆ ಇನ್ನೂ ಹೇಳದೆ ಉಳಿಸಿಕೊಂಡ ಮಾತು ಯಾವುದು?