ಅಕ್ಕ ಕೇಳಿದ ಮೊದಲ ಶಬ್ದ

ಚಹಾ ಆರುವಷ್ಟರಲ್ಲಿ ಓದಿ ಮುಗಿಸಬಹುದಾದ ಕಥೆ ಇದು... ಓದಿದ ಮೇಲೆ ಯಾರಿಗಾದರೂ ಫೋನ್ ಮಾಡಬೇಕು ಅನಿಸಿದರೆ ನನ್ನನ್ನು ಬೈಯಬೇಡಿ.

ಬನಹಟ್ಟಿಯ ಒಂದು ನೇಕಾರರ ಓಣಿ. ಚಿಕ್ಕ ಮನೆಯಲ್ಲಿ ಅಕ್ಕ-ತಂಗಿ ಇಬ್ಬರೇ.

ಅಕ್ಕ ದಾನಮ್ಮನಿಗೆ ನಲವತ್ತೆರಡು ವರ್ಷ. ತಂಗಿ ಶಿವಲೀಲಾಗೆ ಇಪ್ಪತ್ನಾಲ್ಕು.

ತಂಗಿ ಇನ್ನೂ ಕೂಸಾಗಿದ್ದಾಗಲೇ ತಾಯಿ ತೀರಿಹೋದಳು, ತಂದೆಯೂ ಬಹಳ ದಿನ ಉಳಿಯಲಿಲ್ಲ. ಶಾಲೆಯ ಮುಖ ನೋಡದ ಅಕ್ಕ, ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯುತ್ತಲೇ ತಂಗಿಯನ್ನು ಬಿ.ಎಡ್. ಮುಗಿಸುವವರೆಗೆ ಓದಿಸಿದಳು.

ಇಪ್ಪತ್ತೈದು ವರ್ಷ ಆ ಮಗ್ಗಗಳ ಸಪ್ಪಳದಲ್ಲಿ ನಿಂತು ನಿಂತು ದಾನಮ್ಮನ ಕಿವಿ ಹೋಗಿತ್ತು...

ಕಿವಿಗೆ ಮಷೀನ್ ಹಾಕಿದರೂ ಪ್ರಯೋಜನವಿಲ್ಲ ಎಂದಿದ್ದರು ಡಾಕ್ಟರು. ಬಲಗಿವಿಗೆ ಬಾಯಿ ಹಚ್ಚಿ ಜೋರಾಗಿ ಹೇಳಿದರೆ ಮಾತ್ರ ಅಷ್ಟಿಷ್ಟು ಕೇಳುತ್ತಿತ್ತು.

ಒಂದು ದಿನ ಶಿವಲೀಲಾಗೆ ಇಮೇಲ್ ಬಂತು. ಮಾಲ್ಡೀವ್ಸ್‌ನ ಒಂದು ಪುಟ್ಟ ದ್ವೀಪದ ಶಾಲೆಯಲ್ಲಿ ಟೀಚರ್ ಕೆಲಸ. ಜೀವನದ ಮೊದಲ ಕೆಲಸ!

"ಅಕ್ಕಾ, ನೌಕರಿ ಸಿಕ್ತು!" ಎಂದು ಅವಳು ಅಕ್ಕನ ಕಿವಿಯಲ್ಲಿ ಕೂಗಿದ್ದು ಇಡೀ ಓಣಿಗೆ ಕೇಳಿಸಿತು.

ದಾನಮ್ಮ ಮನೆಮನೆಗೆ ಹೋಗಿ ಸಕ್ಕರೆ ಹಂಚಿದಳು. ಯಾವ ದೇಶ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ... "ಸುತ್ತೆಲ್ಲ ನೀರಂತ, ನಡುವ ನಮ್ಮ ಲೀಲಾ!"

ವೀಸಾ, ಮೆಡಿಕಲ್, ಸರ್ಟಿಫಿಕೇಟ್ ಅಟೆಸ್ಟೇಷನ್... ಹೊರಡಲು ಐವತ್ತು ದಿನ ಇತ್ತು.

ಅಕ್ಕನಿಗೆಂದು ಹೊಸ ಫೋನ್ ತಂದ ಶಿವಲೀಲಾ, ಮಾಳಿಗೆ ಹತ್ತಿ ನಿಂತು ಕೆಳಗಿದ್ದ ಅಕ್ಕನಿಗೆ ಕಾಲ್ ಮಾಡಿದಳು.

"ಹಲೋ... ಲೀಲಾ... ಹಲೋ..."

ಶಿವಲೀಲಾ ಗಂಟಲು ಹರಿಯುವಂತೆ ಕೂಗಿದಳು. ಅಕ್ಕ ಮಾತ್ರ ಫೋನನ್ನು ಆ ಕಿವಿಗೊಮ್ಮೆ, ಈ ಕಿವಿಗೊಮ್ಮೆ ಹಿಡಿಯುತ್ತ "ಹಲೋ, ಹಲೋ" ಅನ್ನುತ್ತಲೇ ಇದ್ದಳು. ವಿಡಿಯೊ ಕಾಲ್ ಮಾಡಿದರೆ ತಂಗಿಯ ತುಟಿ ಅಲುಗುವುದು ಕಂಡಿತು... ಅಷ್ಟೇ.

ಕೆಳಗೆ ಬಂದ ತಂಗಿಯ ಕೈಗೆ ಫೋನ್ ಕೊಟ್ಟು ಅಕ್ಕ ನಕ್ಕಳು. "ರೇಂಜ್ ಇಲ್ಲ ಕಾಣ್ತೈತಿ."

ಆ ಸುಳ್ಳು ಶಿವಲೀಲಾಳ ಎದೆಗೆ ನಾಟಿತು. ಮಾರನೆಯ ದಿನ ಅವಳು ಸೂಟ್‌ಕೇಸಿನಿಂದ ಬಟ್ಟೆ ತೆಗೆದು ಮತ್ತೆ ಕಪಾಟಿನಲ್ಲಿಟ್ಟು, ಅಕ್ಕನ ಕಿವಿಯಲ್ಲಿ ಜೋರಾಗಿ ಹೇಳಿದಳು.

"ನಾ ಹೋಗಂಗಿಲ್ಲಕ್ಕಾ. ನಿನ್ನ ಜೋಡಿ ಮಾತಾಡಲಾರದ ನಾ ಹೆಂಗ ಇರ್ಲಿ?"

ದಾನಮ್ಮ ಆ ಬಟ್ಟೆಗಳನ್ನು ಮತ್ತೆ ಸೂಟ್‌ಕೇಸಿಗೆ ಹಾಕಿದಳು. ಆಮೇಲೆ ಹೇಳಿದಳು... "ನೀ ಟೀಚರ್ ಹೌದಿಲ್ಲೋ? ನನಗ ಓದಾಕ ಕಲಿಸಿ ಹೋಗು. ನೀ ಬರೆದು ಕಳಸು, ನಾ ಓದ್ತೀನಿ."

ಅಂದು ಸಂಜೆಯೇ ಒಂದು ಸ್ಲೇಟು ಪಾಟಿಯ ಮೇಲೆ ಪಾಠ ಶುರುವಾಯಿತು. ಅ, ಆ, ಇ, ಈ...

ಬೋಧನಾ ವಿಧಾನದ ಪೇಪರ್‌ನಲ್ಲಿ ಕಾಲೇಜಿಗೇ ಹೆಚ್ಚು ಅಂಕ ತೆಗೆದವಳು ಶಿವಲೀಲಾ. ಆದರೆ ಹತ್ತು ದಿನ ಕಳೆದರೂ ಅಕ್ಕನಿಗೆ 'ಯ' ಮತ್ತು 'ವ' ಒಂದೇ ಥರ ಕಾಣುತ್ತಿದ್ದವು. ದಿನಗಳು ಓಡುತ್ತಿದ್ದವು...

ಒಂದು ಸಂಜೆ ಶಿವಲೀಲಾಳ ತಾಳ್ಮೆ ತಪ್ಪಿತು. "ಎಷ್ಟ ಸಲ ಹೇಳೂದು ನಿನಗ!" ಎಂದು ಸೀಮೆಸುಣ್ಣ ಎಸೆದಳು.

ದಾನಮ್ಮ ನಿಧಾನವಾಗಿ ಪಾಟಿಯನ್ನು ಕೆಳಗಿಟ್ಟಳು.

"ನೀ ಏನಂದಿ ಅಂತ ನನಗ ಕೇಳಲಿಲ್ಲ ಲೀಲಾ... ಆದ್ರ ನಿನ್ನ ಮಾರಿ ಕಾಣಸ್ತು. ಅಲ್ಲಿ ಆ ಸಣ್ಣ ಹುಡುಗರಿಗೂ ಹಿಂಗ ಮಾರಿ ಮಾಡ್ತೀಯೇನ?"

ಶಿವಲೀಲಾ ಬಗ್ಗಿ ಎಸೆದ ಸೀಮೆಸುಣ್ಣವನ್ನು ಎತ್ತಿಕೊಂಡಳು. ಇಷ್ಟೆಲ್ಲ ಓದಿದ ತನಗೆ ಎದುರಿಗೆ ಕೂತ ಒಬ್ಬಳಿಗೆ ಕಲಿಸಲು ಬಂದಿಲ್ಲ ಎಂದು ಮೊದಲ ಸಲ ಗೊತ್ತಾಯಿತು.

ಮರುದಿನ ಅಕ್ಕನಿಗೆ ಬುತ್ತಿ ಕೊಡಲು ಶಿವಲೀಲಾ ಶೆಡ್ಡಿಗೆ ಹೋದಾಗ, ದಾನಮ್ಮ ಹೊಸದಾಗಿ ಸೇರಿದ ಹೆಂಗಸಿಗೆ ಹರಿದ ಎಳೆ ಜೋಡಿಸುವುದನ್ನು ಕಲಿಸುತ್ತಿದ್ದಳು. ಆ ಸಪ್ಪಳದಲ್ಲಿ ಮಾತಿಗೆ ಜಾಗವೆಲ್ಲಿ? ಹಿಂದೆ ನಿಂತು ಅವಳ ಬೆರಳುಗಳ ಮೇಲೆ ತನ್ನ ಬೆರಳಿಟ್ಟಿದ್ದಳು. ಎಳೆ ತಪ್ಪಿತು... ನಕ್ಕಳು. ಮತ್ತೆ ತಪ್ಪಿತು... ಮತ್ತೆ ನಕ್ಕಳು. ಆರನೆಯ ಸಲ ಗಂಟು ಬಿತ್ತು.

ಶಿವಲೀಲಾ ಬುತ್ತಿ ಹಿಡಿದುಕೊಂಡೇ ನಿಂತಿದ್ದಳು.

ಆ ಸಂಜೆ ಅವಳು ಪಾಟಿಯನ್ನು ಒರೆಸಿ, ಅಕ್ಕನ ಕಿವಿಗೆ ಬಾಯಿ ಹಚ್ಚಿ ಕೇಳಿದಳು. "ನಿನಗ ಯಾವ ಶಬ್ದ ಬರಿಯಾಕ ಕಲೀಬೇಕು ಅನಸ್ತೈತಿ? ಅದ್ರಿಂದನ ಚಾಲೂ ಮಾಡೂಣು."

ದಾನಮ್ಮ ಯೋಚಿಸಲೇ ಇಲ್ಲ.

"ಯಾವಾಗ."

"ಯಾವಾಗ ಅಂದ್ರ?"

"ಯಾವಾಗ ಬರ್ತಿ ಅಂತ ಕೇಳ್ಬೇಕಲ್ಲ..."

ಶಿವಲೀಲಾ ಮುಖ ತಿರುಗಿಸಿಕೊಂಡಳು. ಆಮೇಲೆ ಅಕ್ಕನ ಹಿಂದೆ ಕೂತು, ಅವಳ ಒರಟು ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಬರೆಸಿದಳು... ಯಾ... ವಾ... ಗ.

ಹತ್ತು ದಿನ ಒಂದೇ ಥರ ಕಂಡಿದ್ದ 'ಯ' ಮತ್ತು 'ವ' ಅಂದಿನಿಂದ ಬೇರೆ ಬೇರೆಯಾದವು.

ಆಮೇಲಿನ ಶಬ್ದಗಳನ್ನೆಲ್ಲ ಅಕ್ಕನೇ ಆರಿಸಿದಳು. ಊಟ, ಜ್ವರ, ಚಲೋ... ಪಾಟಿಯಿಂದ ಫೋನಿಗೆ ಬರುವ ಹೊತ್ತಿಗೆ ನಲವತ್ತೇಳು ದಿನ ಕಳೆದಿದ್ದವು.

ಬಸ್ ಸ್ಟ್ಯಾಂಡಿನವರೆಗೆ ಸೂಟ್‌ಕೇಸನ್ನು ದಾನಮ್ಮನೇ ಹೊತ್ತು ತಂದಳು. ಬಸ್ ಹೊರಟಾಗ ಶಿವಲೀಲಾ ಕಿಟಕಿಯಿಂದ ಏನೋ ಕೂಗಿದಳು. ದಾನಮ್ಮ ತಲೆಯಾಡಿಸಿದಳು... ಕೇಳಿಸಿದವರ ಹಾಗೆ.

ದ್ವೀಪ ಮುಟ್ಟಿದ ಮರುದಿನ ಬೆಳಿಗ್ಗೆ, ಮೊದಲ ಕ್ಲಾಸಿಗೆ ಹೋಗುವ ಮುಂಚೆ, ಸಮುದ್ರದ ದಂಡೆಯಲ್ಲಿ ನಿಂತು ಶಿವಲೀಲಾ ಬರೆದಳು.

"ಅಕ್ಕಾ, ಇಲ್ಲಿ ನೀರಿನ ಸಪ್ಪಳ ಭಾಳ ಐತಿ. ನಿನ್ನ ನೆನಪ ಆಗ್ತೈತಿ."

ಹತ್ತು ನಿಮಿಷ ಕಳೆಯಿತು. ಉತ್ತರವಿಲ್ಲ. ಹದಿನೈದು ನಿಮಿಷ... ಅಕ್ಕನಿಗೆ ಓದಲಾಗಲಿಲ್ಲವೇನೋ ಎಂದು ಕಣ್ಣು ತುಂಬಿ ಬಂತು.

ಆಗ ಫೋನ್ ಮಿನುಗಿತು. ಒಂದೇ ಶಬ್ದ.

"ಕೆಳಿತು."

ದೀರ್ಘ ತಪ್ಪಿತ್ತು. ಟೀಚರ್ ತಿದ್ದಲಿಲ್ಲ... ಫೋನನ್ನು ಎದೆಗೊತ್ತಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ನಗುಮುಖ ಮಾಡಿಕೊಂಡು ಮಕ್ಕಳ ಮುಂದೆ ಹೋಗಿ ನಿಂತಳು.

ಕಲಿಸುವುದು ಅಂದರೆ, ಎದುರಿಗಿರುವವರಿಗೆ ಏನು ಬೇಕು ಎಂದು ಮೊದಲು ಕೇಳುವುದು.

ನಿಮ್ಮನ್ನು ಇಲ್ಲಿಯವರೆಗೆ ತಂದವರನ್ನು "ನಿನಗೇನು ಬೇಕು?" ಎಂದು ನೀವು ಕೊನೆಯ ಸಲ ಕೇಳಿದ್ದು ಯಾವತ್ತು?